ಡಾಕ್ಟರೇಟ್ ಇಲ್ಲದ ಮೇಷ್ಟ್ರ ಹತ್ತಿರ ಅರ್ಥಶಾಸ್ತ್ರ ಕಲಿಯಬಹುದಾ?

ತಂಗಿ, ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ದಾವಣಗೆರೆಯಲ್ಲಿ ಎಂ.ಎ. ಮುಗಿಸಿದ ನಿನಗೆ ಇಂಗ್ಲೆಂಡಿನ ಎರಡು ಯೂನಿವರ್ಸಿಟಿಗಳಲ್ಲಿ ಅರ್ಥಶಾಸ್ತ್ರದ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ. ಒಂದು ಕಡೆ ಪಾಠ ಮಾಡುವವರೆಲ್ಲ ಪಿಎಚ್‌ಡಿ ಆದ ಪ್ರೊಫೆಸರ್‌ಗಳು. ಇನ್ನೊಂದು ಕಡೆ ಅರ್ಧದಷ್ಟು ಜನ ಬ್ಯಾಂಕಿನಲ್ಲೋ ಹಣಕಾಸು ಇಲಾಖೆಯಲ್ಲೋ ಕೆಲಸ ಮಾಡಿ ಬಂದವರು, ಕೆಲವರಿಗೆ ಡಾಕ್ಟರೇಟೇ ಇಲ್ಲ. "ಇಷ್ಟು ಸಾಲ ಮಾಡಿ ಹೋಗಿ ಅಂಥವರ ಹತ್ತಿರ ಕಲಿಯೋದಾ?" ಅಂತ ನಿಮ್ಮ ಅಪ್ಪ ಕೇಳುತ್ತಿದ್ದಾರೆ. ಜೊತೆಗೆ ರೂಮು, ಚಳಿ, ಊಟ, ಪಾರ್ಟ್ ಟೈಮ್ ಕೆಲಸದ ಬಗ್ಗೆಯೂ ಕೇಳಿದ್ದೀಯ.

ಚಿಕ್ಕವನ್ನು ಮೊದಲು ಮುಗಿಸುತ್ತೇನೆ. ಬಾಡಿಗೆ ಊರಿಂದ ಊರಿಗೆ ಬೇರೆ, ಲಂಡನ್ ಆದರೆ ಕೇಳಲೇಬೇಡ. ಚಳಿ ಕೋಟು ಇಲ್ಲಿಗೆ ಬಂದ ಮೇಲೆ ತಗೋ. ತರಗತಿ ನಡೆಯುವ ತಿಂಗಳುಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು, ಒಂದು ಗಂಟೆ ಜಾಸ್ತಿಯಾದರೂ ವೀಸಾಕ್ಕೆ ತೊಂದರೆ. ಸಾರಿನ ಪುಡಿ ತಾ. ಮತ್ತೆ, 62 ಮಾರ್ಕ್ಸ್ ಬಂತು ಅಂತ ಅಳಬೇಡ. ಇಲ್ಲಿ 70 ದಾಟಿದರೆ ಡಿಸ್ಟಿಂಕ್ಷನ್.

ಈಗ ಮೇಷ್ಟ್ರ ವಿಷಯ.

ನಾನು ಬಂದದ್ದು 2007ರ ಸೆಪ್ಟೆಂಬರ್‌ನಲ್ಲಿ. ಅದೇ ವಾರ ನಾರ್ದರ್ನ್ ರಾಕ್ ಅನ್ನೋ ಬ್ಯಾಂಕಿನ ಮುಂದೆ ಜನ ತಮ್ಮ ದುಡ್ಡು ತೆಗೆಯಲು ಸಾಲುಗಟ್ಟಿ ನಿಂತಿದ್ದರು. ಮಾನಸಗಂಗೋತ್ರಿಯಲ್ಲಿ 'ಬ್ಯಾಂಕ್ ರನ್' ಬಗ್ಗೆ ಟಿಪ್ಪಣಿ ಬರೆದು ಪಾಸಾದವಳು ನಾನು. ಅದು ಟಿವಿಯಲ್ಲಿ ಬಂದಾಗ ಪೆಚ್ಚಾಗಿ ನೋಡುತ್ತಾ ಕೂತೆ.

ಕ್ಲಾಸು ಶುರುವಾದ ಮೇಲೆ ಪ್ರೊಫೆಸರ್ ಒಬ್ಬರು ಡೈಮಂಡ್ ಮತ್ತು ಡಿಬ್ವಿಗ್ ಅನ್ನೋ ಅರ್ಥಶಾಸ್ತ್ರಜ್ಞರ 1983ರ ಬ್ಯಾಂಕ್ ರನ್ ಮಾದರಿಯನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರು. ಉಳಿದವರು ಹಣ ತೆಗೆದುಬಿಡುತ್ತಾರೆ ಅನ್ನೋ ಭಯ ಇದ್ದರೆ ಸಾಕು, ಚೆನ್ನಾಗಿರುವ ಬ್ಯಾಂಕೂ ಬೀಳುತ್ತದೆ. ಸೊಗಸಾದ ಪಾಠ. ಮುಂದೆ 2022ರಲ್ಲಿ ನೊಬೆಲ್ ಹಂಚಿಕೊಂಡ ಮೂವರಲ್ಲಿ ಇವರಿಬ್ಬರೂ ಇದ್ದರು.

ಅದೇ ವಾರ ಇನ್ನೊಬ್ಬರು ಬಂದರು. ಬ್ಯಾಂಕೊಂದರಲ್ಲಿ ದಿನದಿನದ ಹಣ ಹೊಂದಿಸುವ ವಿಭಾಗದಲ್ಲಿ ಬಹಳ ವರ್ಷ ಇದ್ದವರು, ಡಾಕ್ಟರೇಟ್ ಇಲ್ಲ. ಬಂದವರೇ ಕೇಳಿದ ಪ್ರಶ್ನೆ: "ಸಾಲು ನಿಂತ ದಿನ ಠೇವಣಿಗೆ ಎಷ್ಟು ವಿಮೆ ಇತ್ತು?" ಅಂದರೆ ಬ್ಯಾಂಕು ಮುಳುಗಿದರೆ ಎಷ್ಟು ಹಣ ಖಂಡಿತ ವಾಪಸ್ ಸಿಗುತ್ತಿತ್ತು ಅಂತ. ಯಾರಿಗೂ ಗೊತ್ತಿರಲಿಲ್ಲ. ಮೊದಲ 2,000 ಪೌಂಡಿಗೆ ಪೂರ್ತಿ, ಮುಂದಿನ 33,000ಕ್ಕೆ ನೂರಕ್ಕೆ 90. ಅಂದರೆ 35,000 ಇಟ್ಟವರಿಗೆ 31,700. ಅದಕ್ಕಿಂತ ಮೇಲಿನದಕ್ಕೆ ಏನೂ ಇಲ್ಲ. "ಈಗ ಹೇಳಿ, ಸಾಲಿನಲ್ಲಿ ನಿಂತವರು ದಡ್ಡರಾ?"

ಆಮೇಲೆ ಇನ್ನೊಂದು ಮಾತು ಹೇಳಿದರು. ನಾರ್ದರ್ನ್ ರಾಕ್ ಸಾಲ ಕೊಡುತ್ತಿದ್ದದ್ದು ಹೆಚ್ಚಾಗಿ ಠೇವಣಿದಾರರ ಹಣದಿಂದಲ್ಲ, ದೊಡ್ಡ ಹೂಡಿಕೆದಾರರ ಮಾರುಕಟ್ಟೆಯಿಂದ ಎತ್ತಿದ ಹಣದಿಂದ. ಆಗಸ್ಟ್ 9ರಂದು ಫ್ರಾನ್ಸಿನ ಬಿಎನ್‌ಪಿ ಪಾರಿಬಾ ಬ್ಯಾಂಕು ತನ್ನ ಮೂರು ಫಂಡ್‌ಗಳಿಂದ ಹಣ ವಾಪಸ್ ಕೊಡುವುದನ್ನು ನಿಲ್ಲಿಸಿತು. ಅಲ್ಲಿಂದ ಆ ಮಾರುಕಟ್ಟೆಯೇ ಬಿಗಿಯಿತು. ಮೊದಲು ಓಡಿದವರು ದೊಡ್ಡವರು. ಅವರು ಫೋನಿನಲ್ಲೇ "ಇನ್ನು ಕೊಡಲ್ಲ" ಅಂದರು, ಹಾಗಾಗಿ ಟಿವಿಯಲ್ಲಿ ಬರಲಿಲ್ಲ. ಮುದುಕರು ಬೀದಿಗೆ ಬಂದದ್ದು ಒಂದು ತಿಂಗಳ ಮೇಲೆ.

2020ರ ಜನವರಿಯಲ್ಲಿ ಬೆಂಗಳೂರಿನ ಸಹಕಾರ ಬ್ಯಾಂಕೊಂದರ ಮೇಲೆ ಆರ್‌ಬಿಐ ನಿರ್ಬಂಧ ಹಾಕಿತಲ್ಲ, ಖಾತೆಯಿಂದ 35,000 ರೂಪಾಯಿ ಮಾತ್ರ ತೆಗೆಯಬಹುದು ಅಂತ? ನಿನಗೂ ನೆನಪಿರಬೇಕು. ಬಸವನಗುಡಿಯಲ್ಲಿ ನಿವೃತ್ತರು ಸೇರಿ ಗೋಳಾಡಿದರು. ನಮ್ಮ ಸೋದರಮಾವ ರಾತ್ರೋರಾತ್ರಿ ಫೋನ್ ಮಾಡಿದಾಗ ನನ್ನ ಬಾಯಿಂದ ಮೊದಲು ಬಂದದ್ದು ಆ ಮೇಷ್ಟ್ರ ಪ್ರಶ್ನೆಯೇ: ವಿಮೆ ಎಷ್ಟು? ಆಗ ನಮ್ಮಲ್ಲಿ ಬರೀ 1 ಲಕ್ಷ ಇತ್ತು. ಮುಂದಿನ ತಿಂಗಳು 5 ಲಕ್ಷ ಮಾಡಿದರು.

ಹಾಗಂತ ಆ ಮೇಷ್ಟ್ರದ್ದೇ ಸರಿ ಅನ್ನಲಾರೆ. ಸಮೀಕರಣ ಕೇಳಿದರೆ "ಪ್ರೊಫೆಸರನ್ನು ಕೇಳಿ" ಅನ್ನುತ್ತಿದ್ದರು. ಕೆಲವು ವಾರ ಪಾಠ ಕೈಬಿಟ್ಟು ಸುಮ್ನೆ ತಮ್ಮ ಆಫೀಸಿನ ಕಥೆ ಹೇಳಿದ್ದೂ ಉಂಟು. ಪಿಎಚ್‌ಡಿ ಆಸೆ ಇದ್ದರೆ ನಿನಗೆ ಬೇಕಾಗುವುದು ಆ ಬೋರ್ಡಿನ ಲೆಕ್ಕವೇ.

ಅಪ್ಪನಿಗೆ ಹೇಳು, ಬ್ಯಾಂಕಿನಿಂದ ಬಂದವರೆಲ್ಲ ಒಂದೇ ಥರ ಅಲ್ಲ. ಚಾರ್ಲ್ಸ್ ಗುಡ್‌ಹಾರ್ಟ್ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ 17 ವರ್ಷ ಇದ್ದು, 1985ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಪ್ರೊಫೆಸರ್ ಆಗಿ ಬಂದವರು. ಅಂಥವರು ಕಾಯಂ. ನಮ್ಮಲ್ಲೂ ಯುಜಿಸಿ 2022ರಲ್ಲಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ತಂದಿದೆ. 15 ವರ್ಷದ ಅನುಭವ ಇದ್ದರೆ ಡಾಕ್ಟರೇಟ್ ಬೇಡ. ಆದರೆ ಇಲ್ಲಿ ಬಹಳಷ್ಟು ಜನ ಗಂಟೆ ಲೆಕ್ಕದ ಸಂಬಳಕ್ಕೆ ಬರುವವರು. ಇದು ನನಗೆ ತಡವಾಗಿ ಗೊತ್ತಾಯಿತು, ಇವತ್ತಿಗೂ ಕೊರೆಯುತ್ತದೆ.

ಪ್ರಬಂಧಕ್ಕೆ ಬ್ಯಾಂಕಿನಿಂದ ಬಂದ ಆ ಮೇಷ್ಟ್ರೇ ಮಾರ್ಗದರ್ಶಕರಾಗಲಿ ಅಂತ ಕೇಳಿದೆ. ಅವರ ಗುತ್ತಿಗೆ ಬೇಸಿಗೆಗೆ ಮೊದಲೇ ಮುಗಿಯುತ್ತದಂತೆ, ಬೇರೆಯವರನ್ನು ಹಾಕಿದರು. ಕೆಲಸಕ್ಕೆ ಅರ್ಜಿ ಹಾಕುವಾಗ ಶಿಫಾರಸು ಪತ್ರ ಬೇಕಾಯಿತು. ಬರೆದ ಮೇಲ್ ವಾಪಸ್ ಬಂತು, ಆ ವಿಳಾಸವನ್ನೇ ಮುಚ್ಚಿದ್ದರು. ಆಫೀಸಿನಲ್ಲಿ ಕೇಳಿದರೆ ಖಾಸಗಿ ವಿವರ ಕೊಡಲ್ಲ ಅಂದರು. ಅಷ್ಟು ಕಲಿಸಿದವರಿಗೆ ಒಂದು ಥ್ಯಾಂಕ್ಸ್ ಹೇಳೋಕೂ ಆಗಲಿಲ್ಲ. ಮೈಸೂರಿಗೆ ಹೋದರೆ ನಮ್ಮ ಹಳೇ ಮೇಷ್ಟ್ರ ಮನೆಯಲ್ಲಿ ಕಾಫಿ ಕುಡಿಯದೆ ಬರುವುದುಂಟಾ? ನಿನಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಗುತ್ತಿಗೆ ಮುಗಿದರೆ ಮೇಷ್ಟ್ರೂ ಇಲ್ಲ.

ಈಗ ನಾನೇ ಆಫೀಸು ಮುಗಿಸಿಕೊಂಡು ಸಂಜೆ ಹೊತ್ತು ಗಂಟೆ ಲೆಕ್ಕಕ್ಕೆ ಪಾಠ ಮಾಡುತ್ತೇನೆ. ಸ್ವಲ್ಪ ಹೆಮ್ಮೆಯೂ ಇದೆ ಅನ್ನು. ಮೊದಲ ದಿನವೇ ಬೋರ್ಡಿನ ಮೇಲೆ ಸ್ವಂತ ಮೇಲ್ ವಿಳಾಸ ಬರೆದುಬಿಡುತ್ತೇನೆ.

ನನ್ನನ್ನು ಕೇಳಿದರೆ ಎರಡನೆಯ ಕೋರ್ಸೇ ಸೇರು. ಆದರೆ ಡಿಪಾಸಿಟ್ ಕಟ್ಟುವ ಮೊದಲು ವಿಭಾಗಕ್ಕೆ ಮೇಲ್ ಮಾಡಿ ಕೇಳು: ಈ ಮೇಷ್ಟ್ರುಗಳಲ್ಲಿ ಕಾಯಂ ಎಷ್ಟು ಜನ? ಬೇಸಿಗೆಯಲ್ಲಿ ಪ್ರಬಂಧ ನೋಡುವವರು ಯಾರು? ಮಾತಿನಲ್ಲಿ ಹೇಳಿದ್ದನ್ನು ನಂಬಬೇಡ, ಬರಹದಲ್ಲೇ ತರಿಸಿಕೋ.