ಉ: ಹಳೇ ಅಟಾರಿ ಜಾಯ್‌ಸ್ಟಿಕ್ ಹೊಸ ಟಿವಿಗೆ ಹಾಕಬಹುದಾ?

2002ರ ಜ್ಯಾಕ್ಸ್ ಪೆಸಿಫಿಕ್ ಆಟಿಕೆ ಕಂಪನಿಯ ಅಟಾರಿ ಜಾಯ್‌ಸ್ಟಿಕ್ (ಹಳೇ ಅಟಾರಿ ವಿಡಿಯೋ ಗೇಮ್‌ಗಳು ಒಳಗೇ ಇರುವ, ನೇರ ಟಿವಿಗೆ ಚುಚ್ಚಿ ಆಡುವಂಥದ್ದು) ಹೊಸ ಟಿವಿಗೆ ಆಗುತ್ತಾ, ಇಂಥ ಜಾಯ್‌ಸ್ಟಿಕ್‌ಗಳು ಯಾಕೆ ಮಾಯವಾದವು ಅಂತ ಕೇಳಿದ್ದೀರಿ. ಆಗುತ್ತೆ. ಅದರ ಹಳದಿ, ಬಿಳಿ ಪಿನ್ನುಗಳಿಗೆ ಈಗಿನ ಎಷ್ಟೋ ಟಿವಿಗಳಲ್ಲಿ ಜಾಗವೇ ಇರಲ್ಲ, ಹಾಗಾಗಿ ಎವಿ ಟು ಎಚ್‌ಡಿಎಂಐ ಕನ್ವರ್ಟರ್ (ಈ ಹಳೇ ಪಿನ್ನಿನ ಸಿಗ್ನಲನ್ನು ಹೊಸ ಟಿವಿಯ ಎಚ್‌ಡಿಎಂಐ ಸಾಕೆಟ್‌ಗೆ ಹೊಂದಿಸುವ ಡಬ್ಬಿ) ತಗೊಳ್ಳಿ. ಎಚ್‌ಡಿಎಂಐ ಟು ಎವಿ ಬೇಡ, ಅದು ಉಲ್ಟಾ. ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡಿ, ಇಲ್ಲಾಂದ್ರೆ ಕೈ ಆಡಿಸಿದ್ದು ತಡವಾಗಿ ಕಾಣುತ್ತೆ.

ಮಾಯವಾಗಲು ಈ ಪಿನ್ನೂ ಒಂದು ಕಾರಣ. ಜೊತೆಗೆ ಫೋನಿನಲ್ಲೇ ಗೇಮ್ ಬಂತಲ್ವಾ. ಆದರೆ ಎಲ್ಲವೂ ಸುಮ್ನೆ ಅಗ್ಗದ ಆಟಿಕೆಗಳಲ್ಲ. 2004ರ ಸಿ64 ಡಿಟಿವಿ ಅನ್ನೋ ಇಂಥದ್ದೇ ಜಾಯ್‌ಸ್ಟಿಕ್ ನೋಡಿ: ಎಂಜಿನಿಯರ್ ಜೆರಿ ಎಲ್ಸ್‌ವರ್ತ್ 1980ರ ದಶಕದ ಇಡೀ ಕಮೋಡೋರ್ 64 ಮನೆ ಕಂಪ್ಯೂಟರನ್ನೇ ಒಂದು ಚಿಪ್‌ಗೆ ಇಳಿಸಿ, 30 ಗೇಮ್ ಸಮೇತ ಜಾಯ್‌ಸ್ಟಿಕ್ ಒಳಗೆ ಕೂರಿಸಿದರು, ಬೋರ್ಡಿನಲ್ಲಿ ಕೀಬೋರ್ಡ್ ಬೆಸುಗೆ ಹಾಕಿಕೊಳ್ಳಲೂ ಜಾಗ ಬಿಟ್ಟಿದ್ದರು. ಸಿಕ್ಕರೆ ಖಂಡಿತ ತಗೊಳ್ಳಿ.