ಸಮುದ್ರದ ಮೀನುಗಳಲ್ಲಿ ಯಾವುದಕ್ಕೆ ಯಾವುದು ಜೊತೆ?

ಪ್ರಶ್ನೆ: ಚಿಂತಾಮಣಿಯ ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಗೋಲ್ಡ್ ಫಿಶ್ ಸಾಕುತ್ತಿದ್ದೇವೆ. ಈಗ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿನಲ್ಲಿ ಉಪ್ಪುನೀರಿನ ಮೀನುಗಳನ್ನು ಸಾಕುವ ಆಸೆಯಾಗಿದೆ. ಬೆಂಗಳೂರಿನ ಅಂಗಡಿಯೊಂದರಲ್ಲಿ ನೋಡಿ ಬಂದ ಮಕ್ಕಳು ಮೂರು ಕ್ಲೌನ್, ಒಂದು ಬ್ಲೂ ಟ್ಯಾಂಗ್, ಕಪ್ಪುಬಿಳಿ ಪಟ್ಟೆಯ ನಾಲ್ಕು ಡ್ಯಾಮ್ಸೆಲ್, ಒಂದು ಮ್ಯಾಂಡರಿನ್ ಮತ್ತು ಸಾಧ್ಯವಾದರೆ ಒಂದು ಮರಿ ಲಯನ್ ಫಿಶ್ ಬೇಕೆಂದು ಪಟ್ಟಿ ಮಾಡಿದ್ದಾರೆ. ಇವೆಲ್ಲ ಒಟ್ಟಿಗೆ ಇರಬಲ್ಲವೇ?

ಉತ್ತರ: ಮಕ್ಕಳಿಗೆ ಬೇಸರವಾಗಬಹುದು, ಆದರೆ ಈ ಪಟ್ಟಿಯಲ್ಲಿ ನಿಮ್ಮ ಟ್ಯಾಂಕಿಗೆ ಹೊಂದುವುದು ಕ್ಲೌನ್ ಮೀನು ಮಾತ್ರ, ಅದೂ ಮೂರಲ್ಲ, ಎರಡು. ನೀವು ಹೇಳಿದ ಅಳತೆಯ ಟ್ಯಾಂಕಿನಲ್ಲಿ ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ಮರಳು ಮತ್ತು ಕಲ್ಲುಗಳು ಸೇರಿದ ಮೇಲೆ ಉಳಿಯುವುದು ಅಂದಾಜು 160 ಲೀಟರ್. ಹವಳದ ದಿಬ್ಬದಲ್ಲಿ ಸೋತ ಮೀನು ಓಡಿಹೋಗಿ ಬೇರೆ ಸಂದಿಯಲ್ಲಿ ಬದುಕಿಕೊಳ್ಳುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಅದಕ್ಕೆ ಓಡಲು ಜಾಗವಿಲ್ಲ. ಆದ್ದರಿಂದ ಮೀನಿನ ಬಣ್ಣಕ್ಕಿಂತ ಮೊದಲು ಅದು ಬೆಳೆದಾಗ ಎಷ್ಟು ದೊಡ್ಡದಾಗುತ್ತದೆ, ಏನನ್ನು ತಿನ್ನುತ್ತದೆ, ಯಾರನ್ನು ಸಹಿಸುವುದಿಲ್ಲ ಎಂಬುದನ್ನು ವಿಚಾರಿಸಬೇಕು.

ಲಯನ್ ಫಿಶ್ ಬೆನ್ನಿನ ಮುಳ್ಳುಗಳಲ್ಲಿ ವಿಷವಿದೆ ಎಂಬುದೊಂದೇ ಅದನ್ನು ಮಕ್ಕಳಿರುವ ಮನೆಗೆ ತರದಿರಲು ಸಾಕಾದ ಕಾರಣ. ಅದನ್ನು ಬದಿಗಿಟ್ಟರೂ, ಬಾಯಿಗೆ ಹಿಡಿಸುವ ಯಾವ ಮೀನನ್ನೂ ಅದು ನುಂಗುತ್ತದೆ, ಮತ್ತು ಅದರ ಬಾಯಿ ನೋಡಲು ಕಾಣುವುದಕ್ಕಿಂತ ಬಹಳ ದೊಡ್ಡದು. ಬ್ಲೂ ಟ್ಯಾಂಗ್ ಅಂಗಡಿಯಲ್ಲಿ ಎರಡು ಅಂಗುಲವಿರುತ್ತದೆ, ಆದರೆ ಬೆಳೆದಾಗ ಅದರ ಉದ್ದ 25 ರಿಂದ 30 ಸೆಂಟಿಮೀಟರ್. ದಿನವಿಡೀ ಈಜುವ ಸ್ವಭಾವದ ಆ ಮೀನಿಗೆ ಆರಡಿಯ ಟ್ಯಾಂಕೂ ಹೆಚ್ಚೇನಲ್ಲ. ಇಕ್ಕಟ್ಟಿನಲ್ಲಿ ಅದು ಬಳಲಿ, ಬಿಳಿ ಚುಕ್ಕೆ ರೋಗಕ್ಕೆ ಬೇಗನೆ ತುತ್ತಾಗುತ್ತದೆ.

ಮ್ಯಾಂಡರಿನ್ ಸಾಧು ಪ್ರಾಣಿ, ಯಾರ ತಂಟೆಗೂ ಹೋಗುವುದಿಲ್ಲ. ಅದರ ಕಷ್ಟ ಊಟದ್ದು. ಕಲ್ಲುಗಳ ಮೇಲೆ ಹರಿದಾಡುವ ಕೋಪಿಪಾಡ್ ಎಂಬ ಸಿಗಡಿ ಬಳಗದ ಅತಿ ಪುಟ್ಟ ಜೀವಿಗಳನ್ನು ಅದು ದಿನವಿಡೀ ಹೆಕ್ಕಿ ತಿನ್ನುತ್ತದೆ. ಹೊಸ ಟ್ಯಾಂಕಿನಲ್ಲಿ ಅವು ಇರುವುದಿಲ್ಲವಾದ್ದರಿಂದ, ನೀವು ಎಷ್ಟೇ ಒಣ ಆಹಾರ ಉದುರಿಸಿದರೂ ಅದು ಅದರ ಕಡೆ ನೋಡದೆ ವಾರಗಳಲ್ಲಿ ಸೊರಗಿ ಸಾಯುವ ಸಂಭವವೇ ಹೆಚ್ಚು. ನುರಿತವರಿಗೂ ಕಷ್ಟವಾದ ಈ ಮೀನನ್ನು ಹೊಸಬರಿಗೆ ಮಾರುವುದೇ ತಪ್ಪು ಎಂಬುದು ನನ್ನ ಅಭಿಪ್ರಾಯ.

ಪಟ್ಟೆ ಡ್ಯಾಮ್ಸೆಲ್ ವಿಷಯ ಇದಕ್ಕೆ ತೀರಾ ವಿರುದ್ಧ. ಅದು ಅಗ್ಗ, ಗಟ್ಟಿಮುಟ್ಟು, ಏನು ಹಾಕಿದರೂ ತಿನ್ನುತ್ತದೆ. ಆದ್ದರಿಂದಲೇ ‘ಟ್ಯಾಂಕ್ ಪಳಗಿಸಲು ಮೊದಲು ಇದನ್ನು ಬಿಡಿ’ ಎಂಬ ಸಲಹೆ ಚಾಲ್ತಿಯಲ್ಲಿದೆ. ಆ ಸಲಹೆಯನ್ನು ಪಾಲಿಸಬೇಡಿ. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿದವರಂತೆ, ಮೊದಲು ಬಂದ ಡ್ಯಾಮ್ಸೆಲ್ ಇಡೀ ಟ್ಯಾಂಕು ತನ್ನದೆಂದು ತೀರ್ಮಾನಿಸಿ, ಆಮೇಲೆ ಬಂದವರ ರೆಕ್ಕೆಗಳನ್ನು ಕಚ್ಚಿ ಹರಿಯುತ್ತದೆ. ಪಳಗಿಸುವುದೆಂದರೆ ಮೀನಿನ ಕೊಳೆಯಿಂದ ಹುಟ್ಟುವ ವಿಷಕಾರಿ ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯಾ ಟ್ಯಾಂಕಿನಲ್ಲಿ ನೆಲೆಸುವಂತೆ ಮಾಡುವುದು. ಅದನ್ನು ಮೀನಿಲ್ಲದೆಯೇ ಮಾಡಬಹುದು: ಉಪ್ಪುನೀರು, ಕಲ್ಲು, ಪಂಪು ಸಿದ್ಧಪಡಿಸಿ, ಪುಟ್ಟ ಸಿಗಡಿ ತುಂಡೊಂದನ್ನು ಕೊಳೆಯಲು ಬಿಟ್ಟು, ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಕಾಯಬೇಕು. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಇನ್ನು ಕ್ಲೌನ್ ಮೀನು. ಇವು ಹುಟ್ಟುವಾಗ ಯಾವುದೂ ಹೆಣ್ಣಲ್ಲ; ಗುಂಪಿನಲ್ಲಿ ಮೇಲುಗೈ ಪಡೆದದ್ದು ಹೆಣ್ಣಾಗಿ ಬದಲಾಗುತ್ತದೆ, ಅದರ ನಂತರದ್ದು ಗಂಡಾಗಿ ಜೊತೆಗೂಡುತ್ತದೆ. ಹೀಗೆ ಜೋಡಿ ಕೂಡಿದ ಮೇಲೆ ಮೂರನೆಯದಕ್ಕೆ ಪೆಟ್ಟು ತಪ್ಪಿದ್ದಲ್ಲ. ಒಮ್ಮೆ ಹೆಣ್ಣಾದದ್ದು ಮತ್ತೆ ಗಂಡಾಗದು, ಹಾಗಾಗಿ ಬೇರೆ ಬೇರೆ ಟ್ಯಾಂಕಿನಿಂದ ಎರಡು ದೊಡ್ಡ ಮೀನುಗಳನ್ನು ತಂದರೆ ಎರಡು ಹೆಣ್ಣುಗಳು ಸಾಯುವವರೆಗೆ ಕಾದಾಡಬಹುದು. ಒಂದೇ ಟ್ಯಾಂಕಿನ, ಒಂದು ತುಸು ದೊಡ್ಡ, ಒಂದು ಚಿಕ್ಕ ಮರಿಯನ್ನು ಆರಿಸಿಕೊಳ್ಳಿ. ಒಸೆಲ್ಲಾರಿಸ್ ಜಾತಿಯನ್ನೇ ಕೇಳಿ, ಕೆಂಪು ಟೊಮೇಟೊ ಕ್ಲೌನ್ ಮತ್ತು ಮರೂನ್ ಕ್ಲೌನ್ ಬಲು ಜಗಳಗಂಟಿಗಳು. ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲೇ ರೂಪಿಸಿದೆ. ಸಮುದ್ರದಿಂದ ಹಿಡಿದದ್ದಕ್ಕಿಂತ ಅಂಥ ಮರಿಗಳು ಬೇಗ ಹೊಂದಿಕೊಳ್ಳುತ್ತವೆ. ಸಮುದ್ರದಲ್ಲಿ ಅವು ಆಶ್ರಯ ಪಡೆಯುವ, ಹೂವಿನಂತೆ ಕಾಣುವ ಅನಿಮೋನ್ ಎಂಬ ಪ್ರಾಣಿ ಇಲ್ಲದೆಯೂ ಅವು ಸುಖವಾಗಿರುತ್ತವೆ.

ಈ ಜೋಡಿಯ ಜೊತೆಗೆ ತಳದಲ್ಲಿ ವಾಸಿಸುವ ಒಂದು ಹಳದಿ ವಾಚ್‌ಮನ್ ಗೋಬಿ, ನಡುನೀರಿಗೆ ಒಂದು ಫೈರ್‌ಫಿಶ್, ಒಂದು ಬಂಗ್ಗೈ ಕಾರ್ಡಿನಲ್ ಸಾಕು. ಐದೇ ಮೀನು ಎಂದರೆ ಕಡಿಮೆ ಎನಿಸಬಹುದು, ಆದರೆ ಗೋಬಿಗೆ ಪಿಸ್ತೂಲ್ ಸಿಗಡಿಯೊಂದನ್ನು ಜೊತೆ ಮಾಡಿಕೊಟ್ಟರೆ, ಕಣ್ಣು ಮಂದವಾದ ಸಿಗಡಿ ಬಿಲ ತೋಡುವುದನ್ನೂ ಗೋಬಿ ಬಾಗಿಲಲ್ಲಿ ಕಾವಲು ಕೂರುವುದನ್ನೂ ನೋಡುತ್ತಾ ಮಕ್ಕಳು ಟ್ಯಾಂಗನ್ನು ಮರೆತಾರು. ಒಂದೇ ಆಕಾರದ, ಒಂದೇ ಮಟ್ಟದಲ್ಲಿ ಈಜುವ ಮೀನುಗಳ ನಡುವೆಯೇ ಜಗಳ ಹೆಚ್ಚಾದ್ದರಿಂದ ಈ ಹಂಚಿಕೆ. ಬಿಡುವಾಗ ಅಂಜುಬುರುಕ ಫೈರ್‌ಫಿಶ್ ಮತ್ತು ಗೋಬಿ ಮೊದಲು, ಕಾರ್ಡಿನಲ್ ಆಮೇಲೆ, ಕ್ಲೌನ್ ಜೋಡಿ ಕೊನೆಗೆ. ಪ್ರತಿ ಸಲವೂ ಕೆಲವು ವಾರಗಳ ಅಂತರವಿರಲಿ. ಫೈರ್‌ಫಿಶ್ ಬೆದರಿದರೆ ಹೊರಗೆ ಜಿಗಿಯುತ್ತದೆ, ಟ್ಯಾಂಕಿನ ಮೇಲೆ ಬಲೆ ಹಾಕಿ. ಗಾಜಿನ ಮುಚ್ಚಳ ಬೇಡ, ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ನೀರು ಕಾಯುತ್ತದೆ. ಈ ಮೀನುಗಳಿಗೆ 24 ರಿಂದ 27 ಡಿಗ್ರಿ ಬೇಕು.

ಅಂಗಡಿಯಲ್ಲಿ ಮೀನು ನಿಮ್ಮ ಕಣ್ಣೆದುರು ಆಹಾರ ತಿನ್ನುವುದನ್ನು ನೋಡಿದ ಹೊರತು ಹಣ ಕೊಡಬೇಡಿ. ಹೊಟ್ಟೆ ಒಳಸೇರಿದ್ದರೆ, ಉಸಿರಾಟ ವೇಗವಾಗಿದ್ದರೆ ಬಿಟ್ಟುಬಿಡಿ. ತಂದದ್ದನ್ನು ಕನಿಷ್ಠ ನಾಲ್ಕು ವಾರ ಬೇರೆ ಚಿಕ್ಕ ಟ್ಯಾಂಕಿನಲ್ಲಿಟ್ಟು ಗಮನಿಸಿ.

ನೀರಿನ ಬಗ್ಗೆ ನೀವು ಕೇಳಿಲ್ಲವಾದರೂ ಒಂದು ಮಾತು. ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳ ಬೋರ್‌ವೆಲ್ ನೀರಿನಲ್ಲಿ ಗಡಸುತನದ ಜೊತೆಗೆ ಫ್ಲೋರೈಡ್, ನೈಟ್ರೇಟ್ ಸಮಸ್ಯೆಯೂ ಇರುವುದರಿಂದ ಅದನ್ನು ನೇರವಾಗಿ ಬಳಸಬೇಡಿ. ಖನಿಜ ಬೆರೆಸದ ಆರ್‌ಒ ನೀರಿಗೆ ಸಮುದ್ರ ಮೀನುಗಳ ಟ್ಯಾಂಕಿಗೆಂದೇ ತಯಾರಿಸಿದ ಉಪ್ಪಿನ ಮಿಶ್ರಣವನ್ನು (ಮರೀನ್ ಸಾಲ್ಟ್) ಲೀಟರಿಗೆ ಸುಮಾರು 35 ಗ್ರಾಂ ಪ್ರಮಾಣದಲ್ಲಿ ಕರಗಿಸಿ; ಅಡುಗೆ ಉಪ್ಪು ಆಗದು. ಆವಿಯಾಗಿ ನೀರು ಇಳಿದಾಗ ಬರೀ ಸಿಹಿನೀರು ಸೇರಿಸಬೇಕು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ.

ಪ್ರಶ್ನೆ: ಮಲ್ಪೆಗೆ ಹೋದಾಗ ಸಮುದ್ರದ ನೀರು, ಹವಳದ ಕಲ್ಲು ಮತ್ತು ಸಿಕ್ಕರೆ ಸಮುದ್ರ ಕುದುರೆಯನ್ನು ತರಬಹುದೇ? — ತುಮಕೂರಿನ ಓದುಗರು

ಉತ್ತರ: ಸಮುದ್ರ ಕುದುರೆ ಮತ್ತು ಹವಳ ಎರಡನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ 2001ರಲ್ಲಿ ಸೇರಿಸಲಾಗಿದೆ. ಅವುಗಳನ್ನು ಹಿಡಿಯುವುದು, ಸಂಗ್ರಹಿಸುವುದು, ಮಾರುವುದು ಶಿಕ್ಷಾರ್ಹ ಅಪರಾಧ. ಅಂಗಡಿಯವರು ಕೊಟ್ಟರೂ ಕೊಳ್ಳಬೇಡಿ. ಕಲ್ಲಿನ ಬದಲು ಸರಂಧ್ರವಾದ ಸೆರಾಮಿಕ್ ಕಲ್ಲುಗಳನ್ನು ಬಳಸಿದರೆ ಕೆಲವು ತಿಂಗಳಲ್ಲಿ ಅವುಗಳಲ್ಲೂ ಬೇಕಾದ ಬ್ಯಾಕ್ಟೀರಿಯಾ ನೆಲೆಸುತ್ತವೆ. ದೋಣಿಗಳ ಡೀಸೆಲ್ ಬೆರೆತ ಬಂದರಿನ ನೀರನ್ನು ಅಷ್ಟು ದೂರ ಹೊತ್ತು ತರುವ ಬದಲು, ಮೇಲೆ ಹೇಳಿದಂತೆ ಮನೆಯಲ್ಲೇ ಉಪ್ಪು ಕರಗಿಸಿಕೊಳ್ಳಿ.