ಆನಲ್ಸೋ, ಕ್ರಾನಿಕಲ್ಲೋ?

ನಿಮ್ಮೂರ ದೇವಸ್ಥಾನದ ಹಳೇ ಲೆಕ್ಕದ ಪುಸ್ತಕಗಳನ್ನು ಇಟ್ಟುಕೊಂಡು ಇಂಗ್ಲಿಷಿನಲ್ಲಿ ಬರೀತಿದ್ದೀರಿ, ಹೆಸರಿಗೆ ಆನಲ್ಸ್ ಸರಿಯೋ ಕ್ರಾನಿಕಲ್ಲೋ ಅಂತ ಕೇಳಿದ್ದೀರಿ. ಎರಡೂ ಒಂದೇ ಅಲ್ಲ.

ಆನಲ್ಸ್ ಅಂದ್ರೆ ವರ್ಷವಾರು ದಾಖಲೆ. ಲ್ಯಾಟಿನ್ನಿನ ಆನ್ನುಸ್, ಅಂದರೆ ವರ್ಷ, ಅದರ ಮೂಲ. ಇಸವಿ ಬರೆದು, ಆ ವರ್ಷ ನಡೆದದ್ದನ್ನು ಚುಟುಕಾಗಿ ಹೇಳಿ ಮುಂದೆ ಹೋಗುವುದು. ಕ್ರಾನಿಕಲ್ಲಿನಲ್ಲೂ ಕಾಲದ ಕ್ರಮವೇ ಇರುತ್ತದೆ, ಆದರೆ ಕಥೆ ಜಾಸ್ತಿ.

ಬಳಕೆಯಲ್ಲಿ ಗೆರೆ ಅಷ್ಟು ಗಟ್ಟಿಯಿಲ್ಲ. ಮಧ್ಯಯುಗದ ಇಂಗ್ಲೆಂಡಿನ ಘಟನೆಗಳ ದಾಖಲೆಯಾದ 'ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್' ನೋಡಿ. ಹೆಸರು ಕ್ರಾನಿಕಲ್, ರೂಪ ಆನಲ್ಸಿನದು. ಎಷ್ಟೋ ವರ್ಷಗಳಿಗೆ ಒಂದೆರಡು ಸಾಲು ಮಾತ್ರ: ರಾಜ ಸತ್ತ, ಹೊಸ ಬಿಷಪ್ ಬಂದ. ಪೀಟರ್‌ಬರೋ ಮಠದಲ್ಲಿ ಬರೆದ ಅದರ ಪ್ರತಿಯಲ್ಲಿ ದಾಖಲೆ 1154ರವರೆಗೂ ಬರುತ್ತದೆ. ಅದರಲ್ಲಿ 1137ಕ್ಕೆ ಬಂದಾಗ ಬರೆದವನು ತಡೆದುಕೊಳ್ಳಲಾರ. ಸ್ಟೀಫನ್ ರಾಜನ ಕಾಲದ 19 ವರ್ಷಗಳ ಸಂಕಟವನ್ನೆಲ್ಲ ಆ ಒಂದೇ ಇಸವಿಯ ಕೆಳಗೆ ತೋಡಿಕೊಳ್ಳುತ್ತಾನೆ. ಕ್ರಿಸ್ತನೂ ಅವನ ಸಂತರೂ ಮಲಗಿಬಿಟ್ಟಿದ್ದಾರೆ ಅಂತ ಜನ ಬಾಯಿಬಿಟ್ಟು ಹೇಳುತ್ತಿದ್ದರಂತೆ! ನನಗೆ ತುಂಬಾ ಇಷ್ಟವಾದ ಭಾಗ ಅದು.

ಇನ್ನು ಹೆಸರಿಗೆ ಹಿಸ್ಟರಿ ಅನ್ನಬೇಕಾದರೆ ಕಾರಣ ಹುಡುಕಬೇಕು, ದಾಖಲೆಗಳನ್ನು ಒಂದಕ್ಕೊಂದು ತಾಳೆ ನೋಡಬೇಕು. ಹಿಸ್ಟೋರಿಯೋಗ್ರಫಿ ನಿಮಗೆ ಬೇಡ. ಇತಿಹಾಸವನ್ನು ಹೇಗೆ ಬರೆದರು ಅನ್ನುವುದರ ಅಧ್ಯಯನ ಅದು.

ನೀವು ಜಾತ್ರೆ, ಜೀರ್ಣೋದ್ಧಾರ, ಬರಗಾಲ ಎಲ್ಲವನ್ನೂ ಕಥೆಯಾಗಿ ಹೆಣೆದಿದ್ದರೆ ಕ್ರಾನಿಕಲ್ ಅಂತಲೇ ಇಡಿ. ಲೆಕ್ಕದ ನಮೂದುಗಳನ್ನು ಮಾತ್ರ ಹಾಗೇ ಕೊಡುವುದಾದರೆ ರೆಕಾರ್ಡ್ಸ್ ಸಾಕು.